ಎಂಟು ಪರಮಾಣುಗಳ ಗೊಂಚಲನ್ನು ವಿದ್ಯುತ್ ಕ್ಷೇತ್ರ ಎಷ್ಟು ಸರಿಸುತ್ತದೆ?

ಪ್ರಶ್ನೆ: ಸರ್, ನಾನು ಎಂ.ಎಸ್ಸಿ. ಭೌತಶಾಸ್ತ್ರ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಕೆಪಾಸಿಟರ್ ತಟ್ಟೆಗಳ ನಡುವೆ ದ್ರವ ತುಂಬಿ ಡೈಎಲೆಕ್ಟ್ರಿಕ್ ಸ್ಥಿರಾಂಕ ಅಳೆಯುವುದನ್ನು ಲ್ಯಾಬಿನಲ್ಲಿ ಮಾಡಿದ್ದೇವೆ. ಆದರೆ ಎಂಟೋ ಇಪ್ಪತ್ತೋ ಪರಮಾಣುಗಳಷ್ಟೇ ಇರುವ ಸೋಡಿಯಂ ಕ್ಲಸ್ಟರಿನ ಪೋಲರೈಸಬಿಲಿಟಿಯನ್ನು ಅಳೆದಿದ್ದಾರೆಂದು ಓದಿದೆ. ಅದು ಹೇಗೆ ಸಾಧ್ಯ? ಅದೇ ಉಪಕರಣದಲ್ಲಿ ಡೈಪೋಲ್ ಮೊಮೆಂಟನ್ನೂ ಅಳೆಯುತ್ತಾರಂತೆ. ಹಾಗಾದರೆ ಯಾವ ಪರಿಣಾಮ ಯಾವುದರಿಂದ ಬಂತು ಎಂದು ಬೇರ್ಪಡಿಸುವುದು ಹೇಗೆ? ಶುದ್ಧ ಲೋಹದ ಕ್ಲಸ್ಟರಿಗೆ ಶಾಶ್ವತ ಡೈಪೋಲ್ ಇರಬಹುದೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರನ್ನೂ ಆಗಾಗ ಎಡವಿಸಿದ ಪ್ರಶ್ನೆ, ಹಾಗಾಗಿ ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಕ್ಲಸ್ಟರನ್ನು ನಾನು ಗೊಂಚಲು ಎಂದೇ ಕರೆಯುತ್ತೇನೆ. ಮಿಕ್ಕ ಪದಗಳು ನಿಮ್ಮ ತರಗತಿಯಲ್ಲಿ ಬಳಸುವಂತೆಯೇ ಇರಲಿ: ಪೋಲರೈಸಬಿಲಿಟಿ ಎಂದರೆ ಕ್ಷೇತ್ರವು ಗೊಂಚಲಿನ ಆವೇಶಗಳನ್ನು ಎಷ್ಟು ಸುಲಭವಾಗಿ ಸರಿಸುತ್ತದೆ ಎಂಬುದರ ಅಳತೆ, ಡೈಪೋಲ್ ಎಂದರೆ ಒಂದು ತುದಿ ಧನ, ಇನ್ನೊಂದು ಋಣ ಆಗಿರುವುದು, ಅದರ ಪ್ರಮಾಣವೇ ಡೈಪೋಲ್ ಮೊಮೆಂಟ್.

ಕೆಪಾಸಿಟರ್ ವಿಧಾನ ಇಲ್ಲಿ ಏಕೆ ನಡೆಯುವುದಿಲ್ಲ ಎಂದರೆ, ತಟ್ಟೆಗಳ ನಡುವೆ ತುಂಬುವಷ್ಟು ಗೊಂಚಲುಗಳು ಸಿಗುವುದೇ ಇಲ್ಲ. ಸಿಕ್ಕರೂ ಒಂದಕ್ಕೊಂದು ತಾಗಿದ ಕೂಡಲೇ ಅಂಟಿಕೊಂಡು ಸೋಡಿಯಂ ಮುದ್ದೆಯಾಗುತ್ತವೆ. ಅಲ್ಲದೆ ಗೊಂಚಲುಗಳು ತಯಾರಾಗುವ ಮೂಲದಿಂದ ಹೊರಬರುವುದು ಎರಡು, ಮೂರು, ಎಂಟು, ನಲವತ್ತು ಪರಮಾಣುಗಳ ಗೊಂಚಲುಗಳ ಕಲಸುಮೇಲೋಗರ. ನಮಗೆ ಬೇಕಾದದ್ದು ಎಂಟರ ಉತ್ತರ ಮಾತ್ರ. ಆದ್ದರಿಂದ ಅವುಗಳನ್ನು ನಿರ್ವಾತದಲ್ಲಿ ಒಂಟೊಂಟಿಯಾಗಿ ಹಾರಿಸಿ, ದಾರಿಯಲ್ಲಿ ವಿದ್ಯುತ್ ಕ್ಷೇತ್ರ ಇಟ್ಟು, ಎಷ್ಟು ಪಕ್ಕಕ್ಕೆ ಸರಿದವು ಎಂದು ನೋಡುತ್ತಾರೆ. 1922ರಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಬೆಳ್ಳಿಯ ಪರಮಾಣುಗಳಿಗೆ ಕಾಂತಕ್ಷೇತ್ರದಲ್ಲಿ ಮಾಡಿದ್ದನ್ನೇ ಇಲ್ಲಿ ವಿದ್ಯುತ್ ಕ್ಷೇತ್ರದಲ್ಲಿ ಮಾಡುತ್ತಾರೆ.

ಕ್ಷೇತ್ರ ಎಲ್ಲೆಡೆ ಒಂದೇ ಸಮನಾಗಿದ್ದರೆ ಏನೂ ಆಗುವುದಿಲ್ಲ. ಗೊಂಚಲು ತಟಸ್ಥ. ಕ್ಷೇತ್ರವು ಅದರ ಎಲೆಕ್ಟ್ರಾನುಗಳನ್ನು ಒಂದು ಕಡೆಗೆ ಎಳೆದು ಎರಡು ತುದಿಗಳಲ್ಲಿ ಧನ, ಋಣ ಆವೇಶ ಮಾಡಿದರೂ ಎರಡೂ ತುದಿಗಳ ಮೇಲಿನ ಎಳೆತ ಸಮ, ಸಮಬಲದ ಹಗ್ಗಜಗ್ಗಾಟದಂತೆ. ಒಂದು ತುದಿಯಲ್ಲಿ ಕ್ಷೇತ್ರ ತುಸು ಹೆಚ್ಚಿದ್ದರೆ ಮಾತ್ರ ಗೊಂಚಲು ಆ ಕಡೆ ಸರಿಯುತ್ತದೆ. ಅದಕ್ಕಾಗಿ ಒಂದು ಎಲೆಕ್ಟ್ರೋಡನ್ನು ಉಬ್ಬಾಗಿಯೂ ಎದುರಿನದನ್ನು ಅಗಲವಾದ ತೋಡಿನಂತೆಯೂ ಕೊರೆದು, ನಡುವೆ ಎರಡು ಮೂರು ಮಿಲಿಮೀಟರ್ ಸಂದು ಬಿಟ್ಟು, 20ರಿಂದ 30 ಸಾವಿರ ವೋಲ್ಟ್ ಕೊಡುತ್ತಾರೆ.

ಎಷ್ಟು ಸರಿಯುತ್ತದೆ ಎಂಬುದನ್ನು ನೀವೇ ಕಾಗದದ ಮೇಲೆ ಲೆಕ್ಕ ಹಾಕಬಹುದು. ನನ್ನ ವಿದ್ಯಾರ್ಥಿಗಳಿಗೆ ಉಪಕರಣದ ಚಿತ್ರ ತೋರಿಸುವ ಮೊದಲು ನಾನು ಮಾಡಿಸುತ್ತಿದ್ದುದು ಈ ಲೆಕ್ಕವನ್ನೇ. ಕ್ಷೇತ್ರ ಮೀಟರಿಗೆ 1 ಕೋಟಿ ವೋಲ್ಟ್ ಎಂದಿಟ್ಟುಕೊಳ್ಳಿ, ಒಂದು ಮಿಲಿಮೀಟರ್ ಸರಿದರೆ ಅದು ಐದನೇ ಒಂದು ಪಾಲು ಹೆಚ್ಚಲಿ. ಎಂಟು ಪರಮಾಣುಗಳ ಸೋಡಿಯಂ ಗೊಂಚಲಿನ ಪೋಲರೈಸಬಿಲಿಟಿ ಸುಮಾರು 130 ಘನ ಆಂಗ್‌ಸ್ಟ್ರಾಮ್. ಆಗ ಅದರ ಮೇಲಿನ ಬಲ ಸುಮಾರು 3 × 10⁻²² ನ್ಯೂಟನ್, ಅಂದರೆ ಅದರ ತೂಕದ ನೂರರಷ್ಟು. ದೊಡ್ಡ ಬಲವೇ ಸರಿ. ಆದರೆ ಗೊಂಚಲು ಸೆಕೆಂಡಿಗೆ 1000 ಮೀಟರ್ ವೇಗದಲ್ಲಿದೆ, 15 ಸೆಂಟಿಮೀಟರ್ ಉದ್ದದ ಎಲೆಕ್ಟ್ರೋಡುಗಳ ನಡುವೆ ಅದು ಇರುವುದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೂವರೆ ಪಾಲು ಮಾತ್ರ. ಅಲ್ಲಿಂದ ಮುಂದೆ ಒಂದು ಮೀಟರ್ ಸುಮ್ಮನೆ ಹಾರಿದ ಮೇಲೆ ಮೂಲ ದಾರಿಯಿಂದ ಅದು ಸರಿದಿರುವುದು 0.15 ಮಿಲಿಮೀಟರ್. ಹಾರುವ ಗೊಂಚಲುಗಳ ಕಿರಣವೇ ಅದಕ್ಕಿಂತ ಅಗಲ, ಸಾಮಾನ್ಯವಾಗಿ 0.3ರಿಂದ 0.4 ಮಿಲಿಮೀಟರ್ ಇರುತ್ತದೆ. ಅಂದರೆ ಒಂದು ದಪ್ಪ ಗೆರೆ ತನ್ನ ಅಗಲಕ್ಕಿಂತ ಕಡಿಮೆ ಸರಿದದ್ದನ್ನು ನಾವು ಅಳೆಯಬೇಕು. ವೋಲ್ಟೇಜ್ ಹಾಕಿ ಒಮ್ಮೆ, ತೆಗೆದು ಒಮ್ಮೆ, ಹೀಗೆ ಸಾವಿರಾರು ಸಲ ಮಾಡಿ ಎರಡು ಚಿತ್ರಗಳ ನಡುಬಿಂದುಗಳ ವ್ಯತ್ಯಾಸ ತೆಗೆಯುವುದೇ ದಾರಿ. ರಾತ್ರಿಯಿಡೀ ಕೂತು ಹೀಗೆ ದತ್ತಾಂಶ ಕೂಡಿಸಿ, ಬೆಳಗ್ಗೆ ನೋಡಿದರೆ ಪಂಪಿನ ಕಂಪನದಿಂದ ಸೀಳುಗಂಡಿಯೇ ಸರಿದಿತ್ತು ಎಂದು ತಿಳಿದ ಅನುಭವ ನನಗೂ ಇದೆ.

ಗೊಂಚಲು ತಟಸ್ಥವಾಗಿಯೇ ಇರಬೇಕು. ಒಂದೇ ಒಂದು ಎಲೆಕ್ಟ್ರಾನ್ ಕಳೆದುಕೊಂಡಿದ್ದರೂ ಅದರ ಮೇಲಿನ ಬಲ ಐನೂರು ಕೋಟಿ ಪಟ್ಟಿಗಿಂತ ಹೆಚ್ಚಾಗಿ, ಅದು ನೇರ ಎಲೆಕ್ಟ್ರೋಡಿಗೆ ಬಡಿಯುತ್ತದೆ. ಆದರೆ ತಟಸ್ಥ ಗೊಂಚಲಿನಲ್ಲಿ ಎಷ್ಟು ಪರಮಾಣುಗಳಿವೆ ಎಂದು ತೂಗಲಾಗದು, ಮಾಸ್ ಸ್ಪೆಕ್ಟ್ರೋಮೀಟರಿಗೆ ಅಯಾನೇ ಬೇಕು. ಹಾಗಾಗಿ ಮೊದಲು ಸರಿಸುತ್ತಾರೆ, ಕೊನೆಯಲ್ಲಿ ಲೇಸರ್ ಮಿಂಚಿಸಿ ಅಯಾನು ಮಾಡುತ್ತಾರೆ, ಆಮೇಲೆ ತೂಗುತ್ತಾರೆ. ಇಲ್ಲೊಂದು ಮೋಸವಿದೆ: ಲೇಸರಿನ ಫೋಟಾನಿನ ಶಕ್ತಿ ಹೆಚ್ಚಾದರೆ ಗೊಂಚಲು ಒಡೆಯುತ್ತದೆ, ಒಂಬತ್ತರದ್ದು ಎಂಟರ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಅಯಾನು ಆಗಲು ಬೇಕಾದಷ್ಟಕ್ಕಿಂತ ಸ್ವಲ್ಪವೇ ಹೆಚ್ಚಿನ ಶಕ್ತಿಯ ಬೆಳಕನ್ನು ಆರಿಸುತ್ತಾರೆ. ವೇಗವನ್ನು ತಿರುಗುವ ಸೀಳು ಚಕ್ರದಿಂದ ಬೇರೆಯಾಗಿ ಅಳೆಯುತ್ತಾರೆ. ಎಲೆಕ್ಟ್ರೋಡುಗಳ ನಡುವಿನ ನಿಜವಾದ ಕ್ಷೇತ್ರವನ್ನು ಲೆಕ್ಕದಿಂದ ನಂಬುವ ಬದಲು, ಪೋಲರೈಸಬಿಲಿಟಿ ಮೊದಲೇ ಗೊತ್ತಿರುವ ಪರಮಾಣುವನ್ನು ಅದೇ ದಾರಿಯಲ್ಲಿ ಹಾರಿಸಿ ಅಳತೆ ಹೊಂದಿಸುತ್ತಾರೆ. ಸೋಡಿಯಂ ಪರಮಾಣು ಇದಕ್ಕೆ ಒಳ್ಳೆಯದು. 1995ರಲ್ಲಿ ಎಂಐಟಿಯಲ್ಲಿ ಪ್ರಿಚರ್ಡ್ ಅವರ ಗುಂಪು ಪರಮಾಣು ಇಂಟರ್‌ಫೆರೋಮೀಟರಿನಿಂದ ಅದರ ಬೆಲೆಯನ್ನು 24.11 ಘನ ಆಂಗ್‌ಸ್ಟ್ರಾಮ್ ಎಂದು ಅರ್ಧ ಶೇಕಡಾ ನಿಖರತೆಯಲ್ಲಿ ಅಳೆದಿದೆ. ಅಲ್ಯೂಮಿನಿಯಂ ಅಷ್ಟು ನಂಬಿಕಸ್ಥನಲ್ಲ: ಹಳೆಯ ಪ್ರಯೋಗದ ಬೆಲೆ 6.8, ಒಳ್ಳೆಯ ಗಣನೆಗಳು ಹೇಳುವುದು 8ಕ್ಕೂ ಮೇಲೆ. ಅಳತೆಗೋಲೇ ಹೀಗಿದ್ದರೆ ಅದರಿಂದ ಅಳೆದ ಗೊಂಚಲುಗಳೆಲ್ಲ ಅದೇ ಪ್ರಮಾಣದಲ್ಲಿ ತಪ್ಪುತ್ತವೆ. ಪ್ರಬಂಧ ಓದುವಾಗ ಅಳತೆ ಹೊಂದಿಸಿದ್ದು ಯಾವುದರಿಂದ ಎಂದು ಮೊದಲು ನೋಡಿ.

ಈಗ ಸೋಡಿಯಂಗೆ ಬರೋಣ. ಬರ್ಕ್ಲಿಯಲ್ಲಿ ವಾಲ್ಟರ್ ನೈಟ್ ಅವರ ಗುಂಪು 1984ರಲ್ಲಿ ಸೋಡಿಯಂ ಗೊಂಚಲುಗಳಲ್ಲಿ 8, 20, 40, 58, 92 ಪರಮಾಣುಗಳವು ಮಿಕ್ಕವಕ್ಕಿಂತ ಹೆಚ್ಚು ಕಾಣಿಸಿಕೊಳ್ಳುತ್ತವೆ ಎಂದು ತೋರಿಸಿತು. ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಕವಚಗಳಲ್ಲಿ ತುಂಬುವಂತೆಯೇ ಇಡೀ ಗೊಂಚಲಿನಲ್ಲೂ ತುಂಬುತ್ತವೆ ಎಂಬುದಕ್ಕೆ ಅದೇ ಸಾಕ್ಷಿ. ಮರುವರ್ಷ, 1985ರಲ್ಲಿ, ಅದೇ ಗುಂಪು ಸೋಡಿಯಂ ಮತ್ತು ಪೊಟ್ಯಾಸಿಯಂ ಗೊಂಚಲುಗಳನ್ನು ಅಸಮ ಕ್ಷೇತ್ರದಲ್ಲಿ ಹಾರಿಸಿ ಪೋಲರೈಸಬಿಲಿಟಿ ಅಳೆಯಿತು.

ಫಲಿತಾಂಶದ ರುಚಿ ಹತ್ತಬೇಕಾದರೆ ಹಳೆಯ ಭೌತಶಾಸ್ತ್ರದಿಂದ ಶುರು ಮಾಡಿ. ಲೋಹದ ಗೋಲದ ಪೋಲರೈಸಬಿಲಿಟಿ ಅದರ ತ್ರಿಜ್ಯದ ಘನಕ್ಕೆ ಸಮ. ಗಟ್ಟಿ ಸೋಡಿಯಂ ತುಂಡಿನಲ್ಲಿ ಒಂದು ಪರಮಾಣುವಿನ ಪಾಲಿಗೆ ಬರುವ ಗೋಲದ ತ್ರಿಜ್ಯ 2.08 ಆಂಗ್‌ಸ್ಟ್ರಾಮ್, ಅದರ ಘನ 9. ಎಂಟು ಪರಮಾಣುಗಳಿಗೆ 72 ಬರಬೇಕು. ಅಳೆದದ್ದು 130ರ ಆಸುಪಾಸು. ಒಂಟಿ ಪರಮಾಣುವಿನದು 24, ದೊಡ್ಡ ತುಂಡಿನಲ್ಲಿ ಪ್ರತಿ ಪರಮಾಣುವಿಗೆ 9, ಎಂಟರ ಗೊಂಚಲಿನಲ್ಲಿ ಸುಮಾರು 16. ಅಂದರೆ ಗೊಂಚಲು ಲೋಹವಾಗುವ ದಾರಿಯಲ್ಲಿ ಅರ್ಧಕ್ಕೆ ನಿಂತಿದೆ. ಹೆಚ್ಚುವರಿ ಎಲ್ಲಿಂದ ಬಂತು? ಎಲೆಕ್ಟ್ರಾನುಗಳು ಅಯಾನುಗಳ ಅಂಚಿನಲ್ಲಿ ಗೋಡೆ ಕಂಡಂತೆ ನಿಲ್ಲುವುದಿಲ್ಲ, ಉಕ್ಕಿದ ಹಾಲಿನಂತೆ ಸ್ವಲ್ಪ ಹೊರಗೆ ಚೆಲ್ಲುತ್ತವೆ. 4.16 ಆಂಗ್‌ಸ್ಟ್ರಾಮಿನ ಗೋಲ ಎಲೆಕ್ಟ್ರಾನುಗಳ ಲೆಕ್ಕದಲ್ಲಿ 0.9 ಆಂಗ್‌ಸ್ಟ್ರಾಮ್ ಹಿಗ್ಗಿದೆ ಎಂದುಕೊಂಡರೆ ಸರಿಯಾಗಿ 130 ಬರುತ್ತದೆ. ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆ ಚೆಲ್ಲುವಿಕೆ ಉತ್ತರವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿತು, ಏಕೆಂದರೆ ಲೆಕ್ಕಕ್ಕೆ ಬರುವುದು ಘನ. ಕವಚ ತುಂಬಿದ 2 ಮತ್ತು 8ರಲ್ಲಿ ಪ್ರತಿ ಪರಮಾಣುವಿನ ಬೆಲೆ ಅಕ್ಕಪಕ್ಕದವಕ್ಕಿಂತ ತಗ್ಗುತ್ತದೆ. ಕವಚ ತುಂಬಿದಾಗ ಎಲೆಕ್ಟ್ರಾನುಗಳು ಬಿಗಿ, ಗೊಂಚಲು ಹೆಚ್ಚು ಗುಂಡಗೆ.

ಇಷ್ಟಾದರೂ ಗಣನೆಗಳು ಪ್ರಯೋಗಕ್ಕಿಂತ ಬಹುಕಾಲ ಕೆಳಗೇ ಉಳಿದವು. ಸಿದ್ಧಾಂತದವರು ಲೆಕ್ಕ ಹಾಕುತ್ತಿದ್ದುದು ಸೊನ್ನೆ ಕೆಲ್ವಿನ್ನಿನ ಗೊಂಚಲಿಗೆ. ಕಿರಣದಲ್ಲಿದ್ದುದು ಒಲೆಯಿಂದ ಬಂದ, ಕೆಲವು ನೂರು ಕೆಲ್ವಿನ್ ಬಿಸಿಯ, ಬಹುಶಃ ಕರಗಿದ ಗೊಂಚಲು. ಬಿಸಿಯಾದದ್ದು ಹಿಗ್ಗುತ್ತದೆ, ಹಿಗ್ಗಿದರೆ ಪೋಲರೈಸಬಿಲಿಟಿ ಏರುತ್ತದೆ. 2000ದ ಸುಮಾರಿಗೆ ಹಲವು ಗುಂಪುಗಳು ತಾಪವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅಂತರದ ಬಹುಪಾಲು ಮುಚ್ಚಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಗೊಂಚಲಿಗೆ ತನ್ನದೇ ಶಾಶ್ವತ ಡೈಪೋಲ್ ಇದ್ದರೆ ಏನಾಗುತ್ತದೆ?

ಡೈಪೋಲನ್ನು ಅಳೆಯುವ ಏಕಮಾನ ಡಿಬೈ. ಒಂದು ಡಿಬೈ ಎಂಬುದು ನೀರಿನ ಅಣುವಿನ ಡೈಪೋಲಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಎಂಟರ ಗೊಂಚಲಿಗೆ ಅಷ್ಟು ಡೈಪೋಲ್ ಇದ್ದು, ಅದು ಪೂರ್ತಿ ಕ್ಷೇತ್ರದ ದಿಕ್ಕಿಗೆ ತಿರುಗಿ ನಿಂತಿದ್ದರೆ ಮೇಲಿನ ಲೆಕ್ಕದ 0.15 ಮಿಲಿಮೀಟರ್ ಬದಲು ಸುಮಾರು ಮೂರೂವರೆ ಮಿಲಿಮೀಟರ್ ಸರಿಯುತ್ತಿತ್ತು. ಆದರೆ ಅದು ತಿರುಗಿ ನಿಲ್ಲುವುದಿಲ್ಲ. ಡೈಪೋಲಿಗೂ ಕ್ಷೇತ್ರಕ್ಕೂ ನಡುವಿನ ಶಕ್ತಿ ಕೋಣೆಯ ತಾಪದ ಉಷ್ಣಶಕ್ತಿಯ 120ರಲ್ಲಿ ಒಂದು ಪಾಲು, 20 ಕೆಲ್ವಿನ್ನಿನಲ್ಲೂ 8ರಲ್ಲಿ ಒಂದು ಪಾಲು ಮಾತ್ರ. ಗೊಂಚಲು ಗಿರಗಿರ ತಿರುಗುತ್ತಲೇ ಇರುತ್ತದೆ. ಮುಂದಿನದೆಲ್ಲ ನಿಂತಿರುವುದು ಅದು ಹೇಗೆ ತಿರುಗುತ್ತದೆ ಎಂಬುದರ ಮೇಲೆ.

ಗೊಂಚಲು ಗಟ್ಟಿಯಾಗಿದ್ದರೆ ಅದು ಬುಗುರಿ. ನಿರ್ವಾತದಲ್ಲಿ ಅದಕ್ಕೆ ಯಾರೂ ಡಿಕ್ಕಿ ಹೊಡೆಯುವುದಿಲ್ಲ, ಹಾಗಾಗಿ ಮೂಲದಿಂದ ಹೊರಟಾಗಿನ ತಿರುಗಾಟವನ್ನೇ ಕೊನೆಯವರೆಗೂ ಉಳಿಸಿಕೊಳ್ಳುತ್ತದೆ. ಡೈಪೋಲಿನ ಸರಾಸರಿ ಕೆಲವು ಬುಗುರಿಗಳಲ್ಲಿ ಕ್ಷೇತ್ರದ ಕಡೆಗಿದ್ದರೆ ಇನ್ನು ಕೆಲವಲ್ಲಿ ಅದಕ್ಕೆ ಎದುರು. ಮೊದಲಿನವು ಪ್ರಬಲ ಕ್ಷೇತ್ರದ ಕಡೆ ಸರಿಯುತ್ತವೆ, ಎರಡನೆಯವು ದೂರ. ಕಿರಣ ಎರಡೂ ಪಕ್ಕಕ್ಕೆ ಅಗಲವಾಗುತ್ತದೆ. ನಡುಬಿಂದು ಸರಿದದ್ದು ಪೋಲರೈಸಬಿಲಿಟಿಯ ಗುರುತು, ಅಗಲವಾದದ್ದು ಡೈಪೋಲಿನ ಗುರುತು. ಪಠ್ಯದ ಉತ್ತರ ಇಲ್ಲಿಗೆ ಮುಗಿಯುತ್ತದೆ. ಅನೇಕ ವರದಿಗಳೂ ಇಲ್ಲಿಗೇ ಮುಗಿಯುತ್ತವೆ.

ಗೊಂಚಲು ಗಟ್ಟಿಯಾಗಿರದಿದ್ದರೆ? ಒಳಗಿನ ಪರಮಾಣುಗಳು ಜಾಗ ಬದಲಿಸುತ್ತಿದ್ದರೆ ಡೈಪೋಲ್ ಗೊಂಚಲಿನ ಮೈಯೊಳಗೇ ಅಲೆದಾಡುತ್ತದೆ. ಎಲೆಕ್ಟ್ರೋಡುಗಳ ನಡುವೆ ಇರುವಷ್ಟರಲ್ಲೇ ಅದು ಎಲ್ಲ ದಿಕ್ಕುಗಳನ್ನೂ ಹಲವು ಸಲ ಸುತ್ತಿ ಬರುತ್ತದೆ, ಕ್ಷೇತ್ರದ ಕಡೆಗೆ ಇರುವ ಹೊತ್ತು ಮಾತ್ರ ಕೂದಲೆಳೆಯಷ್ಟು ಹೆಚ್ಚು. ಆಗ ಪ್ರತಿಯೊಂದು ಗೊಂಚಲೂ ಒಂದೇ ಸಮ ಸರಿಯುತ್ತದೆ. ಕಿರಣ ಅಗಲವಾಗುವುದೇ ಇಲ್ಲ, ಪೂರ್ತಿಯಾಗಿ ಪಕ್ಕಕ್ಕೆ ಹೋಗುತ್ತದೆ. ನೋಡಿದವರಿಗೆ ಡೈಪೋಲ್ ಸೊನ್ನೆ, ಪೋಲರೈಸಬಿಲಿಟಿ ಮಾತ್ರ ವಿಪರೀತ ಎನಿಸುತ್ತದೆ. 1912ರಲ್ಲಿ ವಿಜ್ಞಾನಿ ಪೀಟರ್ ಡಿಬೈ ಅನಿಲಗಳಿಗೆ ಹೇಳಿದ ಸೂತ್ರವೇ ಇಲ್ಲಿ ಬರುತ್ತದೆ: ಕಾಣುವ ಪೋಲರೈಸಬಿಲಿಟಿ ಎಂದರೆ ನಿಜವಾದದ್ದರ ಜೊತೆಗೆ ಡೈಪೋಲಿನ ವರ್ಗವನ್ನು ಉಷ್ಣಶಕ್ತಿಯ ಮೂರರಷ್ಟರಿಂದ ಭಾಗಿಸಿದ್ದು. ಒಂದು ಡಿಬೈ ಡೈಪೋಲ್ 300 ಕೆಲ್ವಿನ್ನಿನಲ್ಲಿ 8 ಘನ ಆಂಗ್‌ಸ್ಟ್ರಾಮ್ ಸೇರಿಸುತ್ತದೆ, 20 ಕೆಲ್ವಿನ್ನಿನಲ್ಲಿ 120.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಫ್ರಾನ್ಸಿನ ಲಿಯೋನ್ ನಗರದ್ದು. ಅಲ್ಲಿನ ಬ್ರೋಯೆ, ದುಗೂರ್, ರಾಯಾನ್, ಆಂತ್ವಾನ್ ಮುಂತಾದವರ ಗುಂಪು ಮೊದಲು ಫುಲ್ಲರೀನ್ ಅಣುವನ್ನು, ಅಂದರೆ 60 ಇಂಗಾಲ ಪರಮಾಣುಗಳ ಚೆಂಡನ್ನು, ಅಳೆಯಿತು. 76.5 ಘನ ಆಂಗ್‌ಸ್ಟ್ರಾಮ್ ಬಂತು. ಆಮೇಲೆ ಆ ಚೆಂಡಿಗೆ ಒಂದೇ ಒಂದು ಪೊಟ್ಯಾಸಿಯಂ ಪರಮಾಣು ಅಂಟಿಸಿ 2000ದಲ್ಲಿ ಮತ್ತೆ ಅಳೆದರು. ಕೋಣೆಯ ತಾಪದಲ್ಲಿ ಬಂದದ್ದು 2506. ಒಂದು ಪರಮಾಣು ಸೇರಿದ್ದಕ್ಕೆ ಮೂವತ್ತು ಪಟ್ಟು! ಪೊಟ್ಯಾಸಿಯಂ ತನ್ನ ಎಲೆಕ್ಟ್ರಾನನ್ನು ಚೆಂಡಿಗೆ ಕೊಟ್ಟಿರುವುದರಿಂದ ದೊಡ್ಡ ಡೈಪೋಲ್ ಇರಲೇಬೇಕು. ಆದರೆ ಕಿರಣ ಅಗಲವಾಗಿರಲಿಲ್ಲ. ಪೊಟ್ಯಾಸಿಯಂ ಚೆಂಡಿನ ಮೈಮೇಲೆ ಸ್ಕೇಟಿಂಗ್ ಮಾಡುತ್ತಾ ಎಲ್ಲೆಂದರಲ್ಲಿ ಜಾರುತ್ತಿದೆ ಎಂಬುದೇ ಅವರ ವಿವರಣೆ. ಮೇಲಿನ ಸೂತ್ರವನ್ನು ಹಿಂದುಮುಂದಾಗಿ ಹಾಕಿ ನೋಡಿ: 2506ರಲ್ಲಿ ಚೆಂಡಿನ ಪಾಲು 80ರಷ್ಟು ಕಳೆದು, 8ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 17ಕ್ಕೂ ಮಿಕ್ಕಿದ ಡಿಬೈ ಸಿಗುತ್ತದೆ. ಅಗಲವಾಗದ ಕಿರಣದಲ್ಲಿ ಅಷ್ಟು ದೊಡ್ಡ ಡೈಪೋಲ್ ಅಡಗಿತ್ತು. ಅಗಲವಾಗಲಿಲ್ಲ ಎಂದಾಕ್ಷಣ ಡೈಪೋಲ್ ಇಲ್ಲ ಎನ್ನುವಂತಿಲ್ಲ.

ಬೇರ್ಪಡಿಸುವ ದಾರಿ ತಾಪ ಬದಲಿಸುವುದು. ನಿಜವಾದ ಪೋಲರೈಸಬಿಲಿಟಿ ತಾಪಕ್ಕೆ ಅಷ್ಟಾಗಿ ಬದಲಾಗುವುದಿಲ್ಲ, ಡೈಪೋಲಿನ ಪಾಲು ತಂಪಾದಷ್ಟೂ ಬೆಳೆಯುತ್ತದೆ. ಸಾಕಷ್ಟು ತಂಪಾದಾಗ ಅಲೆದಾಟ ಹೆಪ್ಪುಗಟ್ಟಿ ಗೊಂಚಲು ಬುಗುರಿಯಾಗುತ್ತದೆ, ಡೈಪೋಲ್ ಇದ್ದರೆ ಅಗಲವಾಗುವಿಕೆ ಕಾಣಲೇಬೇಕು. ತಂಪಿಗೆ ಇನ್ನೊಂದು ಲಾಭವಿದೆ. ಗೊಂಚಲುಗಳನ್ನು ಹೊತ್ತು ತರುವ ಹೀಲಿಯಂ ಅನಿಲದ ಜೊತೆ 300 ಕೆಲ್ವಿನ್ನಿನಿಂದ ಹೊರಟ ಕಿರಣದ ವೇಗ ಸೆಕೆಂಡಿಗೆ ಸುಮಾರು 1760 ಮೀಟರ್, 20 ಕೆಲ್ವಿನ್ನಿನಿಂದ ಹೊರಟದ್ದು ಸುಮಾರು 460. ಸರಿಯುವಿಕೆ ವೇಗದ ವರ್ಗಕ್ಕೆ ವಿಲೋಮವಾದ್ದರಿಂದ ಅದೇ ಗೊಂಚಲು ಹದಿನೈದು ಪಟ್ಟು ಹೆಚ್ಚು ಸರಿಯುತ್ತದೆ.

ಶುದ್ಧ ಲೋಹಕ್ಕೆ ಡೈಪೋಲ್ ಇರಬಹುದೇ ಎಂಬ ನಿಮ್ಮ ಮೂರನೇ ಪ್ರಶ್ನೆ ಇತ್ಯರ್ಥವಾದದ್ದು ಇಂಥ ತಂಪು ಕಿರಣಗಳಲ್ಲೇ. ಲೋಹದಲ್ಲಿ ಎಲೆಕ್ಟ್ರಾನುಗಳು ಮುಕ್ತವಾಗಿ ಓಡಾಡಿ ಯಾವುದೇ ಅಸಮ ಹಂಚಿಕೆಯನ್ನು ಮುಚ್ಚಿಹಾಕಬೇಕು, ಹಾಗಾಗಿ ಡೈಪೋಲ್ ಇರಕೂಡದು. ನೈಟ್ ಅವರ ಗುಂಪಿನಲ್ಲಿದ್ದ ವಾಲ್ಟ್ ಡಿ ಹೀರ್ ಮುಂದೆ ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ 20 ಕೆಲ್ವಿನ್ನಿನವರೆಗೆ ತಂಪು ಮಾಡಿದ ನಿಯೋಬಿಯಂ ಗೊಂಚಲುಗಳನ್ನು ಹಾರಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶ ಹುಬ್ಬೇರಿಸುವಂತಿತ್ತು. ಕೋಣೆಯ ತಾಪದಲ್ಲಿ ಅವು ಸಾಮಾನ್ಯ ಲೋಹ, ತಂಪಾದಾಗ ಕಿರಣದ ಒಂದು ಪಾಲು ಭಾರಿ ಡೈಪೋಲ್ ತೋರಿಸುತ್ತಿತ್ತು. ಆ ಸ್ಥಿತಿ ಶುರುವಾಗುವ ತಾಪ ಗಾತ್ರಕ್ಕೆ ತಕ್ಕಂತೆ 110ರಿಂದ 10 ಕೆಲ್ವಿನ್ ನಡುವೆ, 38 ಪರಮಾಣುಗಳ ನಂತರ ಸಮ ಸಂಖ್ಯೆಗೂ ಬೆಸ ಸಂಖ್ಯೆಗೂ ಎದ್ದು ಕಾಣುವ ವ್ಯತ್ಯಾಸ. ನಿಯೋಬಿಯಂ 9 ಕೆಲ್ವಿನ್ ಸುಮಾರಿಗೆ ಸೂಪರ್‌ಕಂಡಕ್ಟರ್ ಆಗುವ ಲೋಹವಾದ್ದರಿಂದ ಅದಕ್ಕೂ ಇದಕ್ಕೂ ನಂಟಿರಬಹುದು ಎಂದು ಅವರು ಸೂಚಿಸಿದರು. ಮರುವರ್ಷವೇ ವಿಜಯ್ ಕುಮಾರ್, ಪಿಕೆಟ್ ಮೊದಲಾದವರಿದ್ದ ಸಿದ್ಧಾಂತದ ಗುಂಪು, ಗೊಂಚಲಿನ ಪರಮಾಣುಗಳ ಜೋಡಣೆಯೇ ಅಸಮವಾಗಿದ್ದರೆ ಅಷ್ಟರಿಂದಲೇ ಡೈಪೋಲ್ ಹುಟ್ಟುತ್ತದೆ ಎಂದು ಲೆಕ್ಕ ಹಾಕಿ ತೋರಿಸಿತು. ನನ್ನ ಒಲವು ಈ ಸರಳ ವಿವರಣೆಯ ಕಡೆಗೇ. ಆದರೆ ಸಮ-ಬೆಸದ ಆಟವನ್ನು ಅದು ಸಲೀಸಾಗಿ ನುಂಗಿಕೊಳ್ಳುವುದಿಲ್ಲ ಎಂಬುದನ್ನೂ ಹೇಳಬೇಕು.

ಹಾಗಾದರೆ ಸೋಡಿಯಂ? ಅದಕ್ಕೂ ಅಸಮ ಆಕಾರಗಳಿವೆ, ಅನೇಕ ಸೋಡಿಯಂ ಗೊಂಚಲುಗಳಿಗೆ ಡೈಪೋಲ್ ಇರಬೇಕೆಂದು ಗಣನೆಗಳೂ ಹೇಳಿದ್ದವು. ಡಿ ಹೀರ್ ಗುಂಪು 200 ಪರಮಾಣುಗಳವರೆಗಿನ ತಂಪು ಸೋಡಿಯಂ ಗೊಂಚಲುಗಳನ್ನು ಅಳೆದು 2011ರಲ್ಲಿ ಪ್ರಕಟಿಸಿತು. ಡೈಪೋಲ್ ಗಣನೆಗಿಂತ ಕಡೇಪಕ್ಷ ಹತ್ತು ಪಟ್ಟು ಕಡಿಮೆ, ಅಳತೆಯ ದೋಷದೊಳಗೆ ಸೊನ್ನೆಯೇ. ಆದ್ದರಿಂದ ನಿಮ್ಮ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವಿಲ್ಲ: ನಿಯೋಬಿಯಂನಲ್ಲಿ ಕಂಡಿದೆ, ಸೋಡಿಯಂನಲ್ಲಿ ಕಂಡಿಲ್ಲ.

ನಿಮ್ಮ ಕಾಲೇಜಿನಲ್ಲಿ ಕಿರಣದ ಉಪಕರಣ ಇರಲಿಕ್ಕಿಲ್ಲ. ಲ್ಯಾಪ್‌ಟಾಪಿನಲ್ಲಿ ಮಾತ್ರ ಇಂದೇ ಒಂದು ಪ್ರಯೋಗ ಮಾಡಬಹುದು. ಗುಂಡಗಿನ ಬುಗುರಿಯಲ್ಲಿ ಡೈಪೋಲಿನ ಸರಾಸರಿ ಎರಡು ಕೋನಗಳ ಕೊಸೈನುಗಳ ಗುಣಲಬ್ಧ: ಡೈಪೋಲಿಗೂ ತಿರುಗುವ ಅಕ್ಷಕ್ಕೂ ನಡುವಿನದು ಒಂದು, ಅಕ್ಷಕ್ಕೂ ಕ್ಷೇತ್ರಕ್ಕೂ ನಡುವಿನದು ಇನ್ನೊಂದು. ಎರಡೂ -1ರಿಂದ +1ರವರೆಗೆ ಸಮವಾಗಿ ಹಂಚಿಕೊಂಡಿರುತ್ತವೆ. ಆದ್ದರಿಂದ ಅಂಥ ಎರಡು ಯಾದೃಚ್ಛಿಕ ಸಂಖ್ಯೆ ತೆಗೆದು ಗುಣಿಸಿ, ಒಂದು ಲಕ್ಷ ಸಲ ಹೀಗೆ ಮಾಡಿ ಹಿಸ್ಟೋಗ್ರಾಮ್ ಬರೆಯಿರಿ. ನೀವು ನಿರೀಕ್ಷಿಸುವ ಹಾಗೆ ಎರಡು ಗುಡ್ಡ ಬರುವುದಿಲ್ಲ, ನಡುವೆ ಚೂಪಾದ ಒಂದೇ ಶಿಖರ, ಎರಡು ಪಕ್ಕಕ್ಕೂ ಇಳಿಜಾರು ರೆಕ್ಕೆಗಳು. ಆಮೇಲೆ ಪ್ರತಿ ಸಂಖ್ಯೆಯನ್ನು 3.5 ಮಿಲಿಮೀಟರಿನಿಂದ ಗುಣಿಸಿ, 0.15 ಕೂಡಿಸಿ, 0.4 ಮಿಲಿಮೀಟರ್ ಅಗಲದ ಕಿರಣದೊಂದಿಗೆ ಬೆರೆಸಿ. ಒಂದು ಡಿಬೈ ಇರುವ ಗಟ್ಟಿ ಗೊಂಚಲಿನ ಚಿತ್ರ ಅದು. ಡೈಪೋಲನ್ನು 0.1 ಡಿಬೈಗೆ ಇಳಿಸಿ ಅದೇ ಲೆಕ್ಕ ಮಾಡಿ, ರೆಕ್ಕೆಗಳು ಇನ್ನೂ ಕಣ್ಣಿಗೆ ಕಾಣುತ್ತವೆಯೇ ನೋಡಿ ಬರೆಯಿರಿ.